ಎಣ್ಣೆಯಿಲ್ಲದ ಪಂಚಕರ್ಮ

ಪಂಚಕರ್ಮ ಅಂದರೆ ಎಣ್ಣೆ ಎಂದೇ ಹೆಚ್ಚಿನವರ ತಿಳಿವಳಿಕೆ. ತೂಕ ಇಳಿಸಲು ಬಂದವರ ವಿಷಯದಲ್ಲಿ ಮಾತ್ರ ಆಯುರ್ವೇದ ಎಣ್ಣೆ ಬದಿಗಿಟ್ಟು ಹಿಟ್ಟು ಹಿಡಿಯುತ್ತದೆ. ಹುರಳಿ, ತ್ರಿಫಲಾ ಮುಂತಾದವುಗಳ ಒಣಪುಡಿಯನ್ನು ಬೆಚ್ಚಗೆ ಮಾಡಿ, ರೋಮ ಮಲಗಿದ ದಿಕ್ಕಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ ಒತ್ತಿ ತಿಕ್ಕುತ್ತಾರೆ. ಇದಕ್ಕೆ ಉದ್ವರ್ತನ ಎಂದು ಹೆಸರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಇದರ ಬಗ್ಗೆ ಆಯುರ್ವೇದ ವೈದ್ಯರನ್ನು ಕೇಳಲು ಬಹಳ ದೂರ ಹೋಗಬೇಕಿಲ್ಲ. ವಿಜಯಪುರದಲ್ಲೇ ಬಿಎಲ್‌ಡಿಇ ಸಂಸ್ಥೆಯ ಎ.ವಿ.ಎಸ್. ಆಯುರ್ವೇದ ಮಹಾವಿದ್ಯಾಲಯ, ಅದರ ಆಸ್ಪತ್ರೆ ಇವೆ.

ತಿಕ್ಕಿದರೆ ಬೊಜ್ಜು ಕರಗುತ್ತದೆಯೇ? ಬರೀ ತಿಕ್ಕಿದ್ದರಿಂದ ಕರಗದು. ಚರ್ಮ ನುಣುಪಾಗುತ್ತದೆ, ಮೈ ಹಗುರ ಅನಿಸುತ್ತದೆ. ಅಸಲಿ ಚಿಕಿತ್ಸೆ ಇರುವುದು ಊಟದಲ್ಲಿ.

ಚರಕ ಸಂಹಿತೆಯ ಸೂತ್ರಸ್ಥಾನ, 21ನೇ ಅಧ್ಯಾಯ ಸ್ಥೂಲರ ಹಸಿವಿಗೆ ಕಾರಣ ಹುಡುಕುತ್ತದೆ: ಮೇದಸ್ಸು, ಅಂದರೆ ಕೊಬ್ಬು, ದಾರಿ ಕಟ್ಟಿದಾಗ ವಾಯು ಹೊಟ್ಟೆಯಲ್ಲೇ ಸುಳಿದು ಜಠರಾಗ್ನಿಯನ್ನು ಊದುತ್ತದೆ. ತಿಂದದ್ದು ಬೇಗ ಅರಗಿ ಮತ್ತೆ ಹಸಿವು. ಹಾಗಾಗಿ ಅರಗಲು ಭಾರ, ಮೈ ಬೆಳೆಸಲು ಮಾತ್ರ ಹಗುರ ಎನಿಸುವ ಆಹಾರ ಕೊಡಬೇಕಂತೆ. ಪಟ್ಟಿ ನೋಡಿ: ನವಣೆ, ಸಾವೆ, ಹಾರಕ, ಹೆಸರು, ಹುರಳಿ, ತೊಗರಿ; ಜೋಳವೆಂದು ವಿದ್ವಾಂಸರು ಗುರುತಿಸುವ ಜೂರ್ಣಾಹ್ವವೂ ಇದೆ. ಅರ್ಧಕ್ಕರ್ಧ ನಮ್ಮ ಎರೆಹೊಲದ ಬೆಳೆಯೇ! ಇಂದಿನವರು ಇದನ್ನೇ ನಾರಿನಂಶ, ಪ್ರೋಟೀನು ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಹಾಗೆಂದು ಬಿಳಿಜೋಳದ ರೊಟ್ಟಿಯ ಮೇಲೆ ಬೆಣ್ಣೆ ಮುದ್ದೆ, ಪಕ್ಕದಲ್ಲಿ ಎಣ್ಣೆಯಲ್ಲಿ ಕಲಸಿದ ಶೇಂಗಾ ಹಿಂಡಿ ಇಟ್ಟುಕೊಂಡು ಚರಕನ ಹೆಸರು ಹೇಳಿದರೆ ಏನೂ ಇಳಿಯದು.

ಆಯುರ್ವೇದದಂತೆ ಕೊರಿಯಾದ ದೇಶೀ ವೈದ್ಯದ ಒಂದು ಪದ್ಧತಿಯೂ ದೇಹಪ್ರಕೃತಿ ನೋಡಿಯೇ ಔಷಧ ಕೊಡುತ್ತದೆ. ಅಲ್ಲಿನ ವೈದ್ಯ ಲೀ ಜೆ-ಮಾ 1894ರಲ್ಲಿ ಬರೆದ ಗ್ರಂಥದಲ್ಲಿ ಮನುಷ್ಯರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಅವುಗಳಲ್ಲಿ ಒಂದಾದ ತೆ-ಉಮ್ ಪ್ರಕೃತಿಯವರು ಬೇಗ ದಪ್ಪಗಾಗುತ್ತಾರೆ ಎಂಬುದು ಅಲ್ಲಿನ ನಂಬಿಕೆ. ತೂಕಕ್ಕೆಂದು ಕೊಡುವ ಅಲ್ಲಿನ ಹಲವು ಕಷಾಯಗಳಲ್ಲಿ ಎಫಿಡ್ರಾ ಗಿಡ ಸೇರುತ್ತದೆ. ಅದು ಹಸಿವನ್ನು ಅಡಗಿಸುವುದು ನಿಜ; ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುವುದು ಅಷ್ಟೇ ನಿಜ. ಎಫಿಡ್ರಾ ಬೆರೆತ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಹಸಿವು ಕೊಲ್ಲುವ ಔಷಧಕ್ಕಿಂತ ಹಸಿವು ತಣಿಸುವ ಊಟದ ದಾರಿಯೇ ನನಗೆ ಮೇಲೆನಿಸುತ್ತದೆ.

ಸಂತೆಯಲ್ಲೋ ಮೊಬೈಲಿನಲ್ಲೋ ಮಾರುವ, ಒಳಗೇನಿದೆ ಎಂದು ಬರೆಯದ ತೂಕದ ಪುಡಿ ಕೊಳ್ಳಬೇಡಿ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು ಊಟ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಿ. ಊಟ ಇಳಿದು ಗುಳಿಗೆ ಹಾಗೇ ಉಳಿದರೆ ರಕ್ತದ ಸಕ್ಕರೆ ಕುಸಿಯಬಹುದು.