ಕೃತಿವಸ್ತುವಿನ ಮೂಲವೂ ಸಂಯೋಗವೂ

ಬರೆಯುವ ಶಕ್ತಿಯುಂಟು, ವಸ್ತು ಮಾತ್ರ ದೊರೆಯದು ಎಂಬ ಮಾತನ್ನು ತರುಣ ಲೇಖಕರ ಬಾಯಿಂದ ಸಾಹಿತ್ಯದ ಅಧ್ಯಾಪಕರು ಪದೇ ಪದೇ ಕೇಳುತ್ತಿರುವರು. ಇತ್ತ, ಪ್ರಾಚೀನ ಕೃತಿಯೊಂದರ ಆಕರವನ್ನು ಗೊತ್ತುಮಾಡಿದೊಡನೆ ಆ ಕವಿಯ ವಿಷಯದಲ್ಲಿ ಹೇಳತಕ್ಕುದೆಲ್ಲ ಮುಗಿಯಿತೆಂದು ವಿಮರ್ಶಕರು ಭಾವಿಸುವುದೂ ಉಂಟು. ಇವೆರಡೂ ಒಂದೇ ಭ್ರಮೆಯಿಂದ ಹುಟ್ಟಿದವು. ವಸ್ತುವೆಂಬುದು ಎಲ್ಲಿಯೋ ಸಿದ್ಧವಾಗಿ ಬಿದ್ದಿರುವುದು, ಅದು ಕೈಗೆ ಸಿಕ್ಕಿದರೆ ಕೃತಿಯಾದಂತೆಯೇ ಎಂಬುದೇ ಆ ಭ್ರಮೆ. ನಮ್ಮ ಲಾಕ್ಷಣಿಕರು ಇದನ್ನು ಹೇಗೆ ವಿಚಾರಿಸಿರುವರೆಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಹತ್ತನೆಯ ಶತಮಾನದ ಆದಿಭಾಗದ ರಾಜಶೇಖರನು 'ಕಾವ್ಯಮೀಮಾಂಸೆ'ಯ ಎಂಟನೆಯ ಅಧ್ಯಾಯದಲ್ಲಿ ಕಾವ್ಯಾರ್ಥದ ಯೋನಿಗಳನ್ನು, ಎಂದರೆ ಉತ್ಪತ್ತಿಸ್ಥಾನಗಳನ್ನು, ಎಣಿಸಿರುವನು. ಶ್ರುತಿ, ಸ್ಮೃತಿ, ಇತಿಹಾಸ, ಪುರಾಣ, ಪ್ರಮಾಣವಿದ್ಯೆ, ಸಮಯವಿದ್ಯೆ, ರಾಜಸಿದ್ಧಾಂತತ್ರಯಿ, ಲೋಕ, ವಿರಚನೆ, ಪ್ರಕೀರ್ಣಕ ಎಂಬಿವು ಪೂರ್ವಾಚಾರ್ಯರು ಹೇಳಿದವು. ತ್ರಯಿಯನ್ನು ಮೂರಾಗಿ ಗಣಿಸಿದರೆ ಒಟ್ಟು 12. ಇವಕ್ಕೆ ಉಚಿತಸಂಯೋಗ, ಯೋಕ್ತೃಸಂಯೋಗ, ಉತ್ಪಾದ್ಯಸಂಯೋಗ, ಸಂಯೋಗವಿಕಾರ ಎಂಬ ನಾಲ್ಕನ್ನು ತಾನು ಸೇರಿಸಿ 16 ಮಾಡುವನು. ಇಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಮೊದಲಿನವುಗಳಲ್ಲಿ ಬಹುಪಾಲು ಹುಡುಕಬೇಕಾದ ಎಡೆಗಳು. ಕೊನೆಯ ನಾಲ್ಕಾದರೋ ಎಡೆಗಳಲ್ಲ, ಕವಿಯು ಮಾಡಬೇಕಾದ ಕಾರ್ಯಗಳು. ಆ ನಾಲ್ಕಕ್ಕೂ 'ಸಂಯೋಗ'ವೆಂಬ ಪದವೇ ಸಾಧಾರಣವಾಗಿದೆ. ಎರಡು ಅರ್ಥಗಳನ್ನು ಕೂಡಿಸಿದಲ್ಲಿ ಮೂರನೆಯದೊಂದು ಹುಟ್ಟುವುದೆಂಬುದೇ ಇದರ ತಾತ್ಪರ್ಯವೆಂದು ನಮಗೆ ತೋರುತ್ತದೆ.

ಕನ್ನಡದಲ್ಲಿ ಇದಕ್ಕೆ ಉತ್ತಮ ನಿದರ್ಶನವು ಕ್ರಿ.ಶ. 941ರ 'ವಿಕ್ರಮಾರ್ಜುನವಿಜಯ'. ಅರಿಕೇಸರಿಯ ತಂದೆಯಾದ ನರಸಿಂಹನು ಘೂರ್ಜರರಾಜ ಮಹೀಪಾಲನನ್ನು ಸೋಲಿಸಿದನೆಂದು ಪಂಪನು ಹೇಳಿರುವನು. ರಾಜಶೇಖರನು ಆ ಮಹೀಪಾಲನ ಆಸ್ಥಾನದಲ್ಲಿದ್ದವನು. ಪಂಪನು ಕಾವ್ಯಮೀಮಾಂಸೆಯನ್ನು ಓದಿದ್ದನೆಂದು ಇದರಿಂದ ಸಾಧಿಸಲಾಗದು. ಆದರೂ ಅಲ್ಲಿಯ ತತ್ತ್ವವು ಇಲ್ಲಿ ಪ್ರತ್ಯಕ್ಷವಾಗಿದೆ. ಪಂಪನ ಒಂದು ಆಕರ ಇತಿಹಾಸ, ಇನ್ನೊಂದು ಆಕರ ತಾನು ಕಣ್ಣಾರೆ ಕಂಡ ಲೋಕ. ಅರ್ಜುನನನ್ನೂ ಅರಿಕೇಸರಿಯನ್ನೂ ಕೂಡಿಸಿದುದರಿಂದ ಎರಡರಲ್ಲಿಯೂ ಇಲ್ಲದ ವಸ್ತುವೊಂದು ಸಿದ್ಧಿಸಿತು. ರನ್ನನು 'ಗದಾಯುದ್ಧ'ದಲ್ಲಿ ಭೀಮನೊಡನೆ ಸತ್ಯಾಶ್ರಯನನ್ನು ಕೂಡಿಸಿದನು. ಕ್ರಮವು ಪಂಪನದೇ. ಆದರೆ ಕಥೆಯನ್ನು ಮೊದಲಿನಿಂದ ಹೇಳದೆ, ಭೀಮದುರ್ಯೋಧನರ ಕಾಳಗವನ್ನು ನಡುವಿಟ್ಟು, ಹಿಂದಿನದೆಲ್ಲವನ್ನೂ ಸಿಂಹಾವಲೋಕನದಿಂದ ತಂದನು. ಜೋಡಣೆ ಮಾರ್ಪಟ್ಟಿತು, ವಸ್ತುವೂ ಹೊಸದಾಯಿತು.

ಹಾಗಾದರೆ ಋಣಕ್ಕೂ ಅಪಹರಣಕ್ಕೂ ಎಲ್ಲೆ ಯಾವುದು? 'ಧ್ವನ್ಯಾಲೋಕ'ದ ನಾಲ್ಕನೆಯ ಉದ್ಯೋತದಲ್ಲಿ ಆನಂದವರ್ಧನನು ಕೃತಿಗಳೊಳಗಣ ಸಾದೃಶ್ಯವನ್ನು ಮೂರು ತೆರನಾಗಿ ವಿಂಗಡಿಸುವನು: ಬಿಂಬಕ್ಕೆ ಪ್ರತಿಬಿಂಬದಂತೆ, ವ್ಯಕ್ತಿಗೆ ಚಿತ್ರದಂತೆ, ಒಬ್ಬ ದೇಹಿಗೆ ಮತ್ತೊಬ್ಬ ದೇಹಿಯಂತೆ. ಮೊದಲೆರಡು ತ್ಯಾಜ್ಯ, ಮೂರನೆಯದು ತ್ಯಾಜ್ಯವಲ್ಲ, ಏಕೆಂದರೆ ಅದಕ್ಕೆ ಸ್ವಂತ ಜೀವವಿದೆ. ಜನ್ನನ 'ಯಶೋಧರಚರಿತೆ'ಗೆ (1209) ವಾದಿರಾಜನ ಸಂಸ್ಕೃತಕಾವ್ಯವು ಆಕರವೆಂದು ತಿಳಿಸಿ ಸುಮ್ಮನಾಗುವುದು ಸಾಲದು. ಇವೆರಡು ಬಿಂಬಪ್ರತಿಬಿಂಬಗಳೋ ಅಥವಾ ಎರಡು ದೇಹಗಳೋ ಎಂದು ಪರೀಕ್ಷಿಸುವುದೇ ವಿಮರ್ಶೆಯ ಕೆಲಸ.

ಶಾಸ್ತ್ರಗ್ರಂಥಗಳಿಗೂ ಈ ನ್ಯಾಯವು ಸಲ್ಲುವುದು. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ವು ಅಂತರ್ಜಲದ ಶೋಧನೆ, ವೃಕ್ಷಾಯುರ್ವೇದ, ಪಾಕ, ವೈದ್ಯ ಮೊದಲಾದವನ್ನು ಒಂದೆಡೆ ಕೂಡಿಸಿದೆ. ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದನು. ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಬರೆದನು. ಹಟ್ಟಿ, ಹೊಲ, ಅಡುಗೆಮನೆ, ಅಂಗಡಿಗಳಿಗೆ ಸೇರಿದ ವಿಷಯಗಳು ಇವರ ಕಣ್ಣಿಗೆ ಗ್ರಂಥಯೋಗ್ಯವಾಗಿ ಕಂಡವು.

ಆದುದರಿಂದ ವಿದ್ಯಾರ್ಥಿಗೆ 'ಕೆರೆ' ಎಂಬ ತಲೆಬರಹವನ್ನಷ್ಟೇ ಕೊಟ್ಟು ಪ್ರಬಂಧವನ್ನು ಬರೆಯೆಂದರೆ, ಅವನು ತಾನು ಹಿಂದೆ ಓದಿದ ವರ್ಣನೆಗಳನ್ನೇ ಒಪ್ಪಿಸುವನು. ಅದು ಅವನ ತಪ್ಪಲ್ಲ. ಅವನಿಗೆ ದೊರೆತುದು ಮೂಲವೊಂದೇ, ಸಂಯೋಗವಲ್ಲ. ಏರಿಯ ಮೇಲಿನ ಶಾಸನದಲ್ಲಿ ಕೆರೆಯ ರಕ್ಷಣೆಗೆ ಬಿಟ್ಟ ಭೂಮಿಯ ಉಲ್ಲೇಖವಿರಬಹುದು. ತೂಬಿನ ನೀರಿನ ಸರದಿಯನ್ನು ಬಲ್ಲ ಮುದುಕನು ಊರಲ್ಲಿರಬಹುದು. 'ಕೆರೆಗೆ ಹಾರ'ದ ಭಾಗೀರಥಿಯ ಕಥೆಯನ್ನು ಮನೆಯ ಹೆಂಗಸರು ಹಾಡುತ್ತಿರಬಹುದು. ಶಾಸನವನ್ನು ಸರದಿಯೊಡನೆ ಕೂಡಿಸಿದರೆ ಗ್ರಾಮದ ಆಡಳಿತದ ಮೇಲೆ ಲೇಖನವಾದೀತು. ಅದೇ ಶಾಸನವನ್ನು ಹಾಡಿನೊಡನೆ ಕೂಡಿಸಿದರೆ, ದಾನಿಯ ಹೆಸರು ಕಲ್ಲಿನಲ್ಲಿ ನಿಂತು, ಬಲಿಯಾದವಳ ಹೆಸರು ಹಾಡಿನಲ್ಲಿ ಮಾತ್ರ ಏಕೆ ಉಳಿಯಿತೆಂಬ ಪ್ರಶ್ನೆ ಏಳುವುದು. ಆ ಪ್ರಶ್ನೆಯೇ ಕಥೆಯ ಬೀಜ.

ವಸ್ತುವಿನ ಅಭಾವವೆಂದು ನಾವು ಕರೆಯುವುದು ಬಹುಮಟ್ಟಿಗೆ ಪ್ರಶ್ನೆಯ ಅಭಾವವೇ. ಆಕರಗಳನ್ನು ತೋರಿಸಿಕೊಡುವುದು ಅಧ್ಯಾಪಕನಿಗೆ ಸುಲಭ. ಎರಡನ್ನು ಎದುರುಬದುರು ಇಟ್ಟು ನೋಡುವ ಅಭ್ಯಾಸವನ್ನು ಕಲಿಸುವುದು ಕಷ್ಟ. ಆದರೆ ಲೇಖಕನಾಗಬಯಸುವವನಿಗೆ ಬೇಕಾದುದು ಈ ಎರಡನೆಯದೇ.