ಬ್ಯಾಲೆನ್ಸ್ ನೋಡಲು ಯಾಕಿಷ್ಟು ಅಂಜಿಕೆ?

ತಿಂಗಳ ಇಪ್ಪತ್ತನೇ ತಾರೀಖು ದಾಟಿತೆಂದರೆ ಬ್ಯಾಂಕ್ ಆ್ಯಪ್ ತೆರೆಯಲು ಎಷ್ಟೋ ಜನರ ಮನಸ್ಸು ಹಿಂದೇಟು ಹಾಕುತ್ತದೆ. ಖರ್ಚಿನ ಲೆಕ್ಕ ಇಡದ ಹುಡುಗ ಹುಡುಗಿಯರನ್ನು ಸೋಮಾರಿಗಳೆಂದು ಬೈಯುವುದು ಸುಲಭ. ಆದರೆ ಹಣದ ವ್ಯವಹಾರ ಬಲ್ಲ ಹೂಡಿಕೆದಾರರೂ ಹೀಗೆಯೇ. ಷೇರುಪೇಟೆ ಏರುವಾಗ ಅವರು ಪದೇ ಪದೇ ಖಾತೆ ನೋಡಿಕೊಳ್ಳುತ್ತಾರೆ, ಇಳಿದಾಗ ಆ ಕಡೆ ತಲೆ ಹಾಕುವುದು ಕಡಿಮೆ. ಅರ್ಥಶಾಸ್ತ್ರಜ್ಞ ಜಾರ್ಜ್ ಲೋವನ್‌ಸ್ಟೈನ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಅಂಕಿಅಂಶಗಳಿಂದಲೇ ತೋರಿಸಿದರು. ಕಹಿ ಸುದ್ದಿಯ ಸುಳಿವು ಸಿಕ್ಕರೆ ಸಾಕು, ಮನಸ್ಸು ಮುಖ ತಿರುಗಿಸಿಕೊಳ್ಳುತ್ತದೆ.

ಧೈರ್ಯ ಮಾಡಿ ಬಜೆಟ್ ಬರೆದವರಿಗೂ ಒಂದು ತೊಡಕಿದೆ. ಬೆಂಗಳೂರಿನ ಪಿಜಿಯೊಂದರಲ್ಲಿದ್ದು 28,000 ರೂಪಾಯಿ ಸಂಬಳ ತರುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಪಿಜಿಗೆ 9,000, ಮನೆಗೆ 6,000, ಓಡಾಟಕ್ಕೆ 2,500, ಮೊಬೈಲ್ ಕಂತು 1,800. ಮಿಕ್ಕ 8,700ರಲ್ಲಿ ಊಟ ತಿಂಡಿ ಮುಗಿದು ಏನಾದರೂ ಉಳಿಯಬೇಕು. ಉಳಿಯುವುದಿಲ್ಲ. ಈ ತಿಂಗಳು ದೊಡ್ಡಮ್ಮನ ಮಗಳ ಮದುವೆಗೆ ಮುಯ್ಯಿ, ಮುಂದಿನ ತಿಂಗಳು ಗೌರಿ ಹಬ್ಬಕ್ಕೆ ಊರಿಗೆ ಹೋಗುವ ದುಬಾರಿ ಬಸ್ ಟಿಕೆಟ್, ಆಮೇಲೆ ಹಲ್ಲುನೋವು. ಒಂದೊಂದೂ ‘ಇದೊಂದು ಸಲ’ದ ಖರ್ಚು, ಆದರೆ ಅಂಥದ್ದೊಂದು ಪ್ರತಿ ತಿಂಗಳೂ ಬಂದೇ ಬರುತ್ತದೆ. ಮುಂದಿನ ಖರ್ಚನ್ನು ಅಂದಾಜಿಸುವಾಗ ನಮ್ಮ ಕಣ್ಣ ಮುಂದೆ ಬರುವುದು ಮಾಮೂಲಿ ವಾರ ಮಾತ್ರ. ಹಾಗಾಗಿ ಅಂದಾಜು ಕಡಿಮೆಯಾಗುತ್ತದೆ, ಬಜೆಟ್ ಮುರಿಯುತ್ತದೆ, ‘ಇದು ನನ್ನಿಂದಾಗದು’ ಎಂದು ಪುಸ್ತಕ ಮುಚ್ಚುತ್ತೇವೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಸರಳ ಉಪಾಯ ಕಂಡುಕೊಂಡಿತು: ಬರುವ ವಾರ ಮಾಮೂಲಿಗಿಂತ ಬೇರೆಯಾಗಲು ಮೂರು ಕಾರಣ ಯೋಚಿಸಿ ಎಂದು ಕೇಳಿದರೆ ಸಾಕು, ಜನರ ಅಂದಾಜು ವಾಸ್ತವಕ್ಕೆ ಹತ್ತಿರ ಬರುತ್ತದೆ.

ಹಾಗಾದರೆ ಯುವಜನರಿಗೆ ಬಜೆಟ್ ಬೇಕೇ? ಕಾಫಿ ತಿಂಡಿಯನ್ನೂ ಬಿಡದೆ ಬರೆಯುವ ಬಜೆಟ್ ಎಲ್ಲರಿಗೂ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಅದಿಲ್ಲದೆಯೂ ಉಳಿತಾಯ ಸಾಧ್ಯ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಅಮೆರಿಕದ ಕಂಪನಿಯೊಂದರ ನೌಕರರಿಂದ, ಮುಂದೆ ಸಂಬಳ ಏರಿದಾಗ ಅದರಲ್ಲೊಂದು ಪಾಲು ತಾನಾಗಿ ಉಳಿತಾಯಕ್ಕೆ ಹೋಗಲೆಂದು ಮೊದಲೇ ಒಪ್ಪಿಗೆ ಪಡೆದರು. 40 ತಿಂಗಳಲ್ಲಿ ಅವರ ಉಳಿತಾಯ ಸಂಬಳದ ಶೇ. 3.5ರಿಂದ 13.6ಕ್ಕೇರಿತು. ಸಂಬಳ ಬಿದ್ದ ದಿನವೇ ಆರ್‌ಡಿಗೆ ಹಣ ಕಡಿತವಾಗುವಂತೆ ಮಾಡಿದರೆ ನಮ್ಮಲ್ಲೂ ಇದೇ ಸೂತ್ರ ಕೆಲಸ ಮಾಡಬಹುದು.

ಡೆಲಿವರಿ ಕೆಲಸದವರ, ದಿನಗೂಲಿಯವರ ಮಾತು ಬೇರೆ. ವಾರವಾರ ಆದಾಯ ಏರಿಳಿಯುವಾಗ ನಿಗದಿತ ಕಡಿತವೇ ಕುತ್ತಾಗಬಹುದು. ಅವರಿಗೆ ಲೆಕ್ಕ ನಿಜಕ್ಕೂ ಬೇಕು, ಅದೂ ಅತಿ ಕಡಿಮೆ ಗಳಿಸಿದ ತಿಂಗಳನ್ನು ಆಧಾರವಾಗಿಟ್ಟುಕೊಂಡ ಲೆಕ್ಕ.