ಮುನಿದು ಬಂದ ಮಗುವಿಗೆ ಮನೆಯ ಆಸರೆ

ಕಲ್ಯಾಣ ನಿಲ್ದಾಣದಲ್ಲಿ ದೂರದ ಗಾಡಿಗಳಿಂದ ಇಳಿಯುವವರ ನಡುವೆ ಒಂಟಿ ಮಕ್ಕಳೂ ಇರುತ್ತಾರೆ. ಕೆಲವರು ಮನೆಯ ಹೊಡೆತಕ್ಕೆ ಹೆದರಿ ಓಡಿಬಂದವರು. ಕೆಲವರಿಗೆ ಮರಳಿ ಹೋಗಲು ಮನೆಯೇ ಇಲ್ಲ. ಅಂಥವರನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸತಕ್ಕದ್ದು. ಕೇಳುವವರಿಲ್ಲದ ಮಗು ಬಾಲಗೃಹವನ್ನು ಸೇರುತ್ತದೆ. ಅಲ್ಲಿ ಅನ್ನ, ಬಟ್ಟೆ, ಪಾಠ ದೊರೆಯಬಹುದು. ತಾಯಿಯ ಮಡಿಲು ದೊರೆಯುವುದು ದುರ್ಲಭ.

ಇಂಥ ಮಗುವನ್ನು ಸಂಸಾರವೊಂದರಲ್ಲಿ ಬೆಳೆಸಲು 2015ರ ಬಾಲನ್ಯಾಯ ಕಾಯಿದೆಯ 44ನೆಯ ಕಲಮು ದಾರಿ ತೋರಿದೆ. ಇದು ದತ್ತಕಕ್ಕಿಂತ ಬೇರೆ. ಮಗುವಿನ ಕುಲ, ಹೆಸರು, ಹಕ್ಕು ಹಾಗೆಯೇ ಉಳಿಯುತ್ತವೆ. ಹೆತ್ತವರಿದ್ದರೆ, ಮಗುವಿಗೆ ಹಿತವಲ್ಲವೆಂದು ಸಮಿತಿ ಕಾಣದಿದ್ದಲ್ಲಿ, ಬಂದು ನೋಡಿ ಹೋಗಬಹುದು.

ಅನ್ಯರ ಮಗುವನ್ನು ಸಾಕುವುದು ನಮ್ಮವರಿಗೆ ಅಪರಿಚಿತವಲ್ಲ. ಸೋದರಮಾವನ ಮನೆಯಲ್ಲಿ ಬೆಳೆದವರು ತುಳುನಾಡಿನಲ್ಲಿ ಎಷ್ಟಿಲ್ಲ! ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರೂ ನಮ್ಮಲ್ಲಿದ್ದಾರೆ. ಆದರೆ ಒಂದು ಮಾತನ್ನು ಮರೆಯಲಾಗದು. ಹುಡುಗನನ್ನು ಕೆಲಸಕ್ಕಿಟ್ಟುಕೊಂಡು ಊಟ ಹಾಕುವುದಕ್ಕೆ ಸಾಕುವುದೆಂಬ ಹೆಸರು ಸಲ್ಲದು. 14 ವರ್ಷದೊಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದು ಅಪರಾಧ.

ನೊಂದ ಮಗುವಿನ ನಡತೆಯೇ ಸಾಕುವವರಿಗೆ ಮೊದಲ ಪರೀಕ್ಷೆ. ಬಂದ ಹೊಸತರಲ್ಲಿ ಅದು ಸಾಧುವಾಗಿರುತ್ತದೆ. ಭಯ ಕಳೆದ ಮೇಲೆ ಬಿರುಗಾಳಿ ಏಳಬಹುದು. ಚಪಾತಿಯನ್ನು ತಲೆದಿಂಬಿನ ಕೆಳಗೆ ಬಚ್ಚಿಡುತ್ತದೆ; ಸುಳ್ಳಾಡುತ್ತದೆ; ಸಾಮಾನು ಒಡೆಯುತ್ತದೆ; ಹತ್ತು ವರ್ಷವಾದರೂ ಹಾಸಿಗೆಯನ್ನು ಒದ್ದೆ ಮಾಡುತ್ತದೆ. ಚಾಳಿನ ನೆರೆಹೊರೆ ಕೂಡಲೆ, "ಇದು ಯಾರ ರಕ್ತವೋ!" ಎಂದು ನುಡಿಯುತ್ತದೆ. ದೋಷ ರಕ್ತದ್ದಲ್ಲ. ನಾಳೆ ಊಟ ಸಿಕ್ಕೀತೆಂಬ ನಂಬಿಕೆ ಇಲ್ಲದವನು ಇಂದೇ ಕೂಡಿಡುತ್ತಾನೆ. ತನ್ನನ್ನು ಇವರೂ ಹೊರಗೆ ಹಾಕುವರೇ ಎಂದು ತಿಳಿಯಲು ಅವನು ಕೋಪವನ್ನೇ ಒರೆಗಲ್ಲಾಗಿ ಹಿಡಿಯುತ್ತಾನೆ.

ಹೊಡೆದರೆ ಈ ಸಂಶಯ ದೃಢವಾಗುತ್ತದೆ. ಮಗುವನ್ನು ಹಿಂಸಿಸುವುದು ಕಾಯಿದೆಯ 75ನೆಯ ಕಲಮಿನ ಪ್ರಕಾರ ದಂಡನೀಯವೂ ಹೌದು. ತಿಂಡಿಯ ಡಬ್ಬವನ್ನು ಕೈಗೆಟುಕುವಲ್ಲಿಟ್ಟು, "ಇದು ನಿನ್ನದು" ಎನ್ನಬೇಕು. ಊಟ, ಶಾಲೆ, ನಿದ್ರೆ ನಿತ್ಯವೂ ಅದೇ ಹೊತ್ತಿಗೆ ನಡೆಯಬೇಕು. ಒದ್ದೆ ಬಟ್ಟೆಯನ್ನು ಮಾತಿಲ್ಲದೆ ಒಗೆಯಬೇಕು. ಹೆತ್ತವರನ್ನು ಅದರೆದುರು ಹಳಿಯಬಾರದು. ಸಹನೆ ಸೋತಾಗ ಸಲಹೆ ಕೇಳುವುದು ಅವಮಾನವಲ್ಲ. 14416 ಸಂಖ್ಯೆಯ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಉಚಿತವಾಗಿ ಮಾತನಾಡಬಹುದು.

ಸಾಕಲು ಇಚ್ಛೆಯುಳ್ಳವರು ಜಿಲ್ಲಾ ಬಾಲ ಸಂರಕ್ಷಣಾ ಘಟಕವನ್ನು ಕಾಣಬೇಕು. ಠಾಣೆ, ಡೊಂಬಿವಿಲಿ, ಕಲ್ಯಾಣ, ವಾಶಿ, ನೆರೂಲಿನವರಿಗೆ ಠಾಣೆ ಜಿಲ್ಲೆ. ಖಾರಘರ್, ಪನವೇಲಿನವರಿಗೆ ರಾಯಗಡ. ಅಧಿಕಾರಿಗಳು ಮನೆಗೆ ಬಂದು ವಿಚಾರಿಸುವರು. ಆಜ್ಞೆಯನ್ನು ಸಮಿತಿ ಕೊಡುತ್ತದೆ. 2024ರ ಮಾರ್ಗಸೂಚಿಗಳಂತೆ ಅವಿವಾಹಿತರೂ ವಿಧವೆಯರೂ ಅರ್ಹರು. ಒಂಟಿ ಪುರುಷನಿಗೆ ಗಂಡುಮಗುವನ್ನು ಮಾತ್ರ ಒಪ್ಪಿಸುವರು. ಎರಡು ವರ್ಷ ಸಾಕಿದ ಬಳಿಕ, ಮಗು ಕಾನೂನಿನಂತೆ ದತ್ತಕಕ್ಕೆ ಮುಕ್ತವಾಗಿದ್ದಲ್ಲಿ, ದತ್ತಕಕ್ಕೂ ಅವಕಾಶವುಂಟು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವು ನಿಗದಿಯಾಗಿದೆ. ಆ ಹಣ ಮಗುವಿನದು.

ಆದರೂ ಅರ್ಜಿಗೆ ಸಹಿ ಹಾಕುವ ಮುನ್ನ ಗಂಡಹೆಂಡಿರು ಕೂತು ಆಲೋಚಿಸಲಿ. ಯಜಮಾನನು ಹೋಟೆಲು ಮುಚ್ಚಿ ನಡುರಾತ್ರಿ ಮನೆ ಸೇರುವುದಾದರೆ ಹಗಲಿನ ಭಾರವೆಲ್ಲ ಗೃಹಿಣಿಯ ಹೆಗಲಿಗೆ ಬೀಳುತ್ತದೆ. ಸ್ವಂತ ಮಕ್ಕಳ ಒಪ್ಪಿಗೆಯೂ ಅಗತ್ಯ. ಕ್ಷಣದ ಕನಿಕರದಿಂದ ಕರೆತಂದು, ಬೇಸತ್ತು ಆರು ತಿಂಗಳಿಗೆ ಮರಳಿಸಿದರೆ ಮಗು ಎರಡನೆಯ ಬಾರಿ ಅನಾಥವಾಗುತ್ತದೆ. ಧೈರ್ಯ ಸಾಲದವರು ಸಂಕಟದಲ್ಲಿರುವ ಮಗುವನ್ನು ಕಂಡಾಗ 1098ಕ್ಕೆ ತಿಳಿಸಿದರೂ ಉಪಕಾರವೇ. ಧೈರ್ಯವುಳ್ಳವರ ಮನೆಯಲ್ಲಿ, ಎಂದೋ ಒಂದು ದಿನ, ತಲೆದಿಂಬಿನ ಕೆಳಗೆ ಚಪಾತಿ ಇರುವುದಿಲ್ಲ. ಸಾಕಿದವರಿಗೆ ಅದಕ್ಕಿಂತ ಹಿರಿದಾದ ಪ್ರಶಸ್ತಿ ಬೇಡ.